ಹಿತ್ತಲಿನ ಪೈಪ್‌ಲೈನ್: ಅದೇ ಟೀ ಮತ್ತೆ ಮತ್ತೆ ಒಡೆಯುವುದೇಕೆ?

ಪ್ರಶ್ನೆ: ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ನಲವತ್ತು ಅಡಿಕೆ ಮರ, ಆರು ತೆಂಗು, ಒಂದಿಷ್ಟು ಬಾಳೆ, ತರಕಾರಿ ಮಡಿ ಇವೆ. ತೆರೆದ ಬಾವಿಗೆ ಒಂದೂವರೆ ಎಚ್‌ಪಿ ಪಂಪ್ ಇದೆ. ಹದಿನಾರು ವರ್ಷದ ಹಿಂದೆ 50 ಎಂಎಂ ಪಿವಿಸಿ ಪೈಪ್ ಹೂಳಿಸಿ, ನಾಲ್ಕು ಕಡೆ ಥ್ರೆಡ್ ಟೀಗೆ (ಮೂರು ಬಾಯಿಯ ಪ್ಲಾಸ್ಟಿಕ್ ಜೋಡಣೆಗೆ) ಮುಕ್ಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ನಿಲ್ಲಿಸಿ ಸ್ಪ್ರಿಂಕ್ಲರ್ ಹಾಕಿಸಿದೆವು. ಎರಡು ವರ್ಷದಲ್ಲಿ ಮೂರನೆಯ ಸ್ಪ್ರಿಂಕ್ಲರಿನ ಬುಡದ ಟೀ ಮೂರು ಬಾರಿ ಒಡೆದಿದೆ. ಈ ಸಲ ನಿಪ್ಪಲ್ (ಟೀಗೂ ಜಿಐ ಪೈಪಿಗೂ ನಡುವಿನ ಸಣ್ಣ ಪ್ಲಾಸ್ಟಿಕ್ ಥ್ರೆಡ್ ತುಂಡು) ಮುರಿದು ಟೀಯೊಳಗೇ ಸಿಕ್ಕಿಕೊಂಡಿದೆ. ಟೀಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕೂ ಇದೆ. ಪಿವಿಸಿ ಜೋಡಿಸುವ ಸಲ್ಯೂಷನ್ ಸುರಿದು, ಎಂ-ಸೀಲ್ ಮೆತ್ತಿ, ಮೇಲೆ ಸೈಕಲ್ ಟ್ಯೂಬ್ ಬಿಗಿದೆ. ಒಂಬತ್ತು ದಿನ ತಡೆಯಿತು. ಪೈಪ್ ಹಳೆಯದಾಗಿದೆ, ಇಡೀ ಲೈನ್ ಬದಲಿಸಿ ಎನ್ನುತ್ತಾರೆ ಪ್ಲಂಬರ್. ಬೆಂಕಿಯಲ್ಲಿ ಕಾಯಿಸಿ ಒಂದರೊಳಗೊಂದು ತೂರಿಸಿದರೆ ಸಾಕು ಎನ್ನುತ್ತಾರೆ ಪಕ್ಕದ ಮನೆಯವರು. ವಾಲ್ವ್ ಮುಚ್ಚುವಾಗ ಪೈಪಿನಲ್ಲಿ ಧಡ್ ಎಂಬ ಸದ್ದು ಬರುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ತರಕಾರಿ ಮಡಿಯ ಡ್ರಿಪ್ ಕೊಳವೆಯ ಬುಡವೂ ಸೋರುತ್ತಿದೆ, ಅಲ್ಲಿ ಸಲ್ಯೂಷನ್ ಹಿಡಿಯಲೇ ಇಲ್ಲ. ಫೋಟೊ ಕಳಿಸಿದ್ದೇನೆ. — ಒಬ್ಬ ನಿವೃತ್ತ ಶಿಕ್ಷಕರು

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ನಿದ್ದೆ ಕೆಡಿಸಿರುವುದು ಒಂದೇ ಎಂದು ಕಾಣುತ್ತದೆ: ಹದಿನಾರು ವರ್ಷದ ಲೈನು ಪೂರ್ತಿ ಹೋಯಿತೇ, ಹಿತ್ತಲನ್ನೆಲ್ಲ ಮತ್ತೆ ಅಗೆಸಬೇಕೇ? ಅಗೆಸಬೇಕಾಗಿಲ್ಲ. ಪೈಪು ಹಳೆಯದಾಗಿ ಸೋತಿದ್ದರೆ ಅದು ಸಿಕ್ಕಸಿಕ್ಕಲ್ಲಿ ಒಡೆಯಬೇಕಿತ್ತು. ನಾಲ್ಕು ಟೀಗಳಲ್ಲಿ ಮೂರು ತಣ್ಣಗೆ ಕೂತಿವೆ, ಒಂದೇ ಒಂದು ಮೂರು ಸಲ ಒಡೆದಿದೆ ಎಂದರೆ ಆ ಜಾಗದಲ್ಲಿ ಏನೋ ನಡೆಯುತ್ತಿದೆ. ಟೀ ಬದಲಿಸುವುದು ಅರ್ಧ ದಿನದ ಕೆಲಸ. ಆದರೆ ಕಾರಣ ಬದಲಾಗದೆ ಟೀ ಮಾತ್ರ ಬದಲಾದರೆ ಮುಂದಿನ ಬೇಸಿಗೆಗೆ ಅದು ನಾಲ್ಕನೆಯ ಬಾರಿ ಒಡೆದು ನೀವು ಮತ್ತೆ ಪತ್ರ ಬರೆಯುತ್ತೀರಿ.

ಫೋಟೊ ನೋಡಿದೆ. ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ನಿಂತಿರುವ ಜಿಐ ಪೈಪು ಬಾಳೆಯ ಕಡೆಗೆ ಸ್ವಲ್ಪ ವಾಲಿದೆ. ಟೀಯ ಕತ್ತಿನ ಬಿರುಕು ಬಾಳೆಗೆ ಬೆನ್ನು ಹಾಕಿದ ಮಗ್ಗುಲಲ್ಲಿದೆ, ಅದೂ ಅಡ್ಡ ಬಿರುಕು. ಫೋಟೊದ ಮೂಲೆಯಲ್ಲಿ ತೆಂಗಿನ ಬುಡವೂ, ಅದರ ಪಕ್ಕದಲ್ಲಿ ಒಣಗಿದ ಗರಿಯೂ ಕಾಣುತ್ತಿವೆ. ನನಗೆ ಅಷ್ಟು ಸಾಕು.

ಮುರಿದ ತುಂಡನ್ನು ಗುಂಡಿಯಿಂದ ತೆಗೆದ ಕೂಡಲೇ ಬೇಲಿಯಾಚೆ ಎಸೆಯುವವರೇ ಹೆಚ್ಚು. ನಾನಾದರೆ ಅದನ್ನು ತೊಳೆದು ಬೆಳಕಿಗೆ ಹಿಡಿಯುತ್ತೇನೆ, ಏಕೆಂದರೆ ಹೇಗೆ ಒಡೆಯಿತು ಎಂಬುದನ್ನು ಅದೇ ಹೇಳುತ್ತದೆ. ಕತ್ತಿನ ಉದ್ದಕ್ಕೆ ಸೀಳಿದ್ದರೆ ಯಾರೋ ಪೈಪ್ ರೆಂಚ್ ಹಾಕಿ ಅತಿಯಾಗಿ ಬಿಗಿದಿದ್ದಾರೆ. ಜಿಐ ಪೈಪಿನ ಥ್ರೆಡ್ ಬೆಣೆಯಂತೆ ಇಳಿಜಾರಾಗಿರುತ್ತದೆ; ತಿರುಗಿಸಿದಷ್ಟೂ ಅದು ಪ್ಲಾಸ್ಟಿಕ್ ಬಾಯನ್ನು ಒಳಗಿನಿಂದ ಅಗಲಿಸುತ್ತದೆ. ಪೈಪಿನ ಮೈಯೇ ಮೀನಿನ ಬಾಯಿಯಂತೆ ಉದ್ದಕ್ಕೆ ತೆರೆದುಕೊಂಡಿದ್ದರೆ ಅದು ನೀರಿನ ಒತ್ತಡದ ಕೆಲಸ. ಜೋಡಣೆ ಒಡೆಯದೆ ಸಲೀಸಾಗಿ ಜಾರಿ ಹೊರಬಂದಿದ್ದು, ಎರಡೂ ಮುಖ ನುಣ್ಣಗೆ ಹೊಳೆಯುತ್ತಿದ್ದರೆ ಸಲ್ಯೂಷನ್ ಹಚ್ಚುವಾಗ ನೀರೋ ಮಣ್ಣೋ ಇತ್ತು. ಥ್ರೆಡ್ಡಿನ ಕೊನೆಯ ಸುತ್ತಿನಲ್ಲಿ ಅಡ್ಡಕ್ಕೆ, ಚಾಕುವಿನಿಂದ ಕೊಯ್ದಂತೆ ತುಂಡಾಗಿದ್ದರೆ ಅದು ಬಾಗಿ ಮುರಿದದ್ದು. ನಿಮ್ಮದು ಈ ಕೊನೆಯ ಜಾತಿ. ಬಾಳೆಯ ಕಡೆಗೆ ತಳ್ಳಿದ ಪೈಪಿನ ಬುಡದಲ್ಲಿ ಎದುರು ಮಗ್ಗುಲು ಎಳೆತಕ್ಕೆ ಸಿಕ್ಕಿ ಬಿರುಕು ಬಿಟ್ಟಿದೆ. ತಳ್ಳಿದ್ದು ಬಹುಶಃ ತೆಂಗಿನ ಗರಿ.

ಒಂದು ಲೆಕ್ಕ ಹಾಕೋಣ, ನೀವು ಮೇಷ್ಟ್ರಾಗಿದ್ದವರು. ನಿಮ್ಮ ಜಿಐ ಪೈಪು ನಾಲ್ಕು ಅಡಿ ಎತ್ತರವಿದೆ ಎಂದುಕೊಳ್ಳಿ, ಅಂದರೆ 48 ಇಂಚು. ಕೆಳಗೆ ಅದನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್ ಕತ್ತಿನ ಅಗಲ ಸುಮಾರು ಒಂದು ಇಂಚು. ತುದಿಯಲ್ಲಿ ಐದು ಕೆಜಿ ಬಲದಿಂದ ತಳ್ಳಿದರೆ ಬುಡದಲ್ಲಿ ಅದು 48 ಪಟ್ಟಾಗಿ ಸುಮಾರು 240 ಕೆಜಿಯ ಎಳೆತವಾಗುತ್ತದೆ. ಐದು ಕೆಜಿ ಎಂದರೆ ಮಗು ಆತುಕೊಂಡರೂ, ಕರು ಮೈ ಉಜ್ಜಿದರೂ, ಪೈಪು ಎಳೆಯುವಾಗ ಕೈ ತಾಗಿದರೂ ಬರುವ ಬಲ. ಇನ್ನು ಒಣಗಿದ ಗರಿ ಮೂವತ್ತು ನಲವತ್ತು ಅಡಿ ಮೇಲಿನಿಂದ ಬಂದು ಬಡಿದರೆ ಕೇಳಬೇಕೇ? ಜೊತೆಗೆ ಟಕ್‌ಟಕ್ ಎಂದು ಸುತ್ತುವ ಸ್ಪ್ರಿಂಕ್ಲರ್ ಪ್ರತಿ ಬಡಿತಕ್ಕೂ ಪೈಪನ್ನು ಸಣ್ಣಗೆ ಅಲುಗಿಸುತ್ತಲೇ ಇರುತ್ತದೆ. ಹೀಗಾಗಿ ಟೀ ಎಷ್ಟೇ ಒಳ್ಳೆಯದು ತಂದರೂ ಅದು ಸನ್ನೆಕೋಲಿನ ಬುಡದಲ್ಲಿ ಕೂತಿರುತ್ತದೆ.

ಧಡ್ ಸದ್ದಿನ ವಿಚಾರ. ಇದು ಎರಡನೆಯ ಆರೋಪಿ. ಮೊದಲನೆಯದಲ್ಲ, ನಿರಪರಾಧಿಯೂ ಅಲ್ಲ. ನಿಮ್ಮ ಅಳತೆಯ ಪಂಪಿನಲ್ಲಿ 50 ಎಂಎಂ ಪೈಪಿನೊಳಗೆ ನೀರು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಬಾಲ್ ವಾಲ್ವಿನ ಹಿಡಿಯನ್ನು ಟಪ್ ಎಂದು ಕಾಲು ಸುತ್ತು ತಿರುಗಿಸಿದರೆ ಓಡುತ್ತಿದ್ದ ಅಷ್ಟೂ ನೀರು ಒಮ್ಮೆಲೇ ನಿಲ್ಲಬೇಕು. ಅದು ಗೋಡೆಗೆ ಗುದ್ದಿದಂತೆ ಗುದ್ದುತ್ತದೆ. ಈ ವೇಗಕ್ಕೆ ಪಿವಿಸಿ ಪೈಪಿನಲ್ಲಿ ಆ ಗುದ್ದು ಸುಮಾರು ಚದರ ಸೆಂಟಿಮೀಟರಿಗೆ ಮೂರೂವರೆಯಿಂದ ನಾಲ್ಕು ಕೆಜಿ ಒತ್ತಡದಷ್ಟು ಇರುತ್ತದೆ. ಪಂಪಿನ ಒತ್ತಡ ಇದಕ್ಕೆ ಸೇರುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಕೆಜಿ ಎಂಬುದು ನಮ್ಮ ವೃತ್ತಿಯ ಕೈಲೆಕ್ಕ. ಮೂವತ್ತು ಮೀಟರ್ ಎತ್ತಬಲ್ಲ ಪಂಪಾದರೆ ಮೂರು ಕೆಜಿ. ಎರಡೂ ಕೂಡಿದರೆ, ಆರು ಕೆಜಿ ಒತ್ತಡಕ್ಕೆಂದು ಮಾಡಿದ ಪೈಪಿನ ಗಡಿ ದಾಟುತ್ತದೆ. ಪೈಪು ಅದನ್ನು ಒಂದೆರಡು ಸಲ ತಡೆದುಕೊಳ್ಳುತ್ತದೆ, ಆದರೆ ಆಗಲೇ ಕೂದಲೆಳೆ ಬಿರುಕು ಬಿಟ್ಟ ಟೀ ತಡೆದುಕೊಳ್ಳುವುದಿಲ್ಲ. ಪರಿಹಾರಕ್ಕೆ ಕಾಸು ಖರ್ಚಿಲ್ಲ: ಮುಂದಿನ ವಾಲ್ವ್ ತೆರೆದ ಮೇಲೆ ಹಿಂದಿನದನ್ನು ಮುಚ್ಚಿ, ಮುಚ್ಚುವಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ನಿಮ್ಮ ಪಂಪಿಗೆ ಆಟೊ ಸ್ಟಾರ್ಟರ್ ಇದ್ದರೆ ಇನ್ನೂ ಒಂದು ಮಾತು. ಕರೆಂಟು ನಡುರಾತ್ರಿ ಬಂದಾಗ ಖಾಲಿ ಪೈಪಿಗೆ ನೀರು ನುಗ್ಗಿ, ಒಳಗಿನ ಗಾಳಿಯನ್ನು ತಳ್ಳಿಕೊಂಡು ಹೋಗಿ ತುದಿಗೆ ಬಡಿಯುತ್ತದೆ. ಹೀಗಾಗಿ ಎಲ್ಲ ವಾಲ್ವುಗಳನ್ನೂ ಮುಚ್ಚಿ ಮಲಗಬೇಡಿ, ಒಂದನ್ನಾದರೂ ತೆರೆದಿಡಿ.

ಈಗ ಪ್ಲಂಬರ್ ಮಾತು. ಪಿವಿಸಿ ಮಣ್ಣಿನೊಳಗೆ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದರ ಶತ್ರು ಬಿಸಿಲು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪೈಪು ಬಣ್ಣಗೆಟ್ಟು, ಗಡಸಾಗಿ, ಕಲ್ಲು ತಾಗಿದರೆ ಚಿಪ್ಪಿನಂತೆ ಒಡೆಯುತ್ತದೆ. ಅಂಥ ಪೈಪನ್ನು ನೋಡಿ ನೋಡಿಯೇ ಹಳೆಯ ಪಿವಿಸಿ ಎಂದರೆ ಕೆಟ್ಟದ್ದು ಎಂಬ ಮಾತು ಹುಟ್ಟಿದೆ. ನಿಮ್ಮದು ಹೂಳಿದ ಪೈಪು. ಆದರೂ ನನ್ನ ಮಾತು ನಂಬಬೇಕಾಗಿಲ್ಲ, ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಹೇಗೂ ಟೀಯ ಆಚೀಚೆ ಪೈಪು ಕತ್ತರಿಸಬೇಕು. ಆಗ ಎರಡು ಇಂಚು ಅಗಲದ ಒಂದು ಬಳೆ ಕತ್ತರಿಸಿಕೊಳ್ಳಿ. ಗರಗಸದಿಂದ ಉದುರುವುದು ಸುರುಳಿ ಸುರುಳಿ ಹೊಟ್ಟೋ, ಒರಟು ಚೂರುಗಳೋ ನೋಡಿ; ಚೂರುಗಳಾದರೆ ಪೈಪು ಪೆಡಸಾಗಿದೆ ಎಂದರ್ಥ. ಆಮೇಲೆ ಬಳೆಯನ್ನು ವೈಸಿನಲ್ಲಿ ಹಿಡಿದು, ವೈಸ್ ಇಲ್ಲದಿದ್ದರೆ ಎರಡು ಹಲಗೆಗಳ ನಡುವೆ ಇಟ್ಟು, ನಿಧಾನವಾಗಿ ಚಪ್ಪಟೆ ಮಾಡಿ. ಒಳ್ಳೆಯ ಪೈಪು ಬೆಂಡಾಗಿ ಮಡಿಚಿಕೊಳ್ಳುತ್ತದೆ, ಮಡಿಕೆಯಲ್ಲಿ ಬೆಳ್ಳಗಾಗುತ್ತದೆ, ಒಡೆಯುವುದಿಲ್ಲ. ಪಟಾರನೆ ಸಿಡಿದು ಎರಡಾದರೆ ನಿಮ್ಮ ಪ್ಲಂಬರ್ ಹೇಳಿದ್ದು ಸರಿ, ನಾನು ಸೋತೆ. ಸಾಮಾನ್ಯವಾಗಿ ನಾನು ಸೋಲುವುದಿಲ್ಲ.

ಪಕ್ಕದ ಮನೆಯವರ ಬೆಂಕಿ ವಿದ್ಯೆಯನ್ನು ಪೂರ್ತಿ ತಳ್ಳಿಹಾಕಲಾರೆ. ಪೈಪಿನ ಒಂದು ತುದಿ ಅಗಲವಾಗಿ ಬರುತ್ತದಲ್ಲ, ಅದನ್ನು ಕಾರ್ಖಾನೆಯಲ್ಲೂ ಬಿಸಿ ಮಾಡಿಯೇ ಅಗಲಿಸುವುದು. ಅಲ್ಲಿ ಶಾಖ ಸುತ್ತಲೂ ಒಂದೇ ಸಮ ಇರುತ್ತದೆ, ಅಳತೆಯ ಅಚ್ಚು ಇರುತ್ತದೆ. ನಾವು ಅಡಿಕೆ ಸೋಗೆ ಹಚ್ಚಿ ಕಾಯಿಸಿದರೆ ಒಂದು ಮಗ್ಗುಲು ಮೆತ್ತಗಾಗುವಷ್ಟರಲ್ಲಿ ಇನ್ನೊಂದು ಮಗ್ಗುಲು ಕಪ್ಪಾಗಿರುತ್ತದೆ. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಕಪ್ಪಾಯಿತೆಂದರೆ ಅದರ ಸತ್ವ ಹೋಯಿತು, ಬರುವ ಹೊಗೆಯಲ್ಲಿ ಆಮ್ಲದ ಅನಿಲವೂ ಇರುತ್ತದೆ, ಮೂಗು ಗಂಟಲು ಉರಿಯುತ್ತದೆ. ಎಳೆದು ಅಗಲಿಸಿದ ಕಡೆ ಗೋಡೆ ತೆಳ್ಳಗಾಗುತ್ತದೆ. ತುದಿ ತೆರೆದ ಲೈನಿನಲ್ಲಿ, ತೋಡಿನಿಂದ ಗದ್ದೆಗೆ ನೀರು ಬಿಡುವಲ್ಲಿ ಇದು ವರ್ಷಾನುಗಟ್ಟಲೆ ನಡೆದೀತು. ವಾಲ್ವ್ ಮುಚ್ಚುವ, ಸ್ಪ್ರಿಂಕ್ಲರ್ ಓಡಿಸುವ ಲೈನಿಗೆ ಬೇಡ.

ಸಿಕ್ಕಿಕೊಂಡ ನಿಪ್ಪಲ್ ತುಂಡಿಗೆ ಬರೋಣ. ಟೀಯ ಕತ್ತು ಗಟ್ಟಿಯಿದ್ದು ತುಂಡು ಮಾತ್ರ ಒಳಗುಳಿದಿದ್ದರೆ ಟೀ ಉಳಿಸಿಕೊಳ್ಳಬಹುದಿತ್ತು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದುಕೊಂಡು, ನಿಪ್ಪಲ್ಲಿನ ಒಳಗಿನಿಂದ ಎರಡು ಮೂರು ಕಡೆ ಉದ್ದಕ್ಕೆ ಗೀರು ಕೊಯ್ದು, ಸ್ಕ್ರೂಡ್ರೈವರಿನಿಂದ ಒಳಕ್ಕೆ ಮಡಚಿದರೆ ತುಂಡು ಕಳಚಿ ಬರುತ್ತದೆ. ಟೀಯ ಥ್ರೆಡ್ಡಿಗೆ ಬ್ಲೇಡ್ ತಾಗುವ ಮುನ್ನ ನಿಲ್ಲಿಸುವುದೇ ಅದರ ಜಾಣ್ಮೆ. ನಿಮ್ಮಲ್ಲಿ ಆ ದಾರಿ ಮುಚ್ಚಿದೆ. ಕತ್ತಿನಲ್ಲಿ ಬಿರುಕಿದೆ, ಅದರ ಮೇಲೆ ನೀವು ಸಲ್ಯೂಷನ್ ಸುರಿದಿದ್ದೀರಿ. ಸಲ್ಯೂಷನ್ ಅಂಟಲ್ಲ. ಅದು ಪಿವಿಸಿಯ ಮೇಲ್ಮೈಯನ್ನು ಕರಗಿಸಿ ಎರಡನ್ನೂ ಒಂದೇ ಮೈ ಮಾಡುತ್ತದೆ. ಈಗ ನಿಪ್ಪಲ್ಲೂ ಟೀಯೂ ಬೇರೆ ಬೇರೆ ವಸ್ತುಗಳಲ್ಲ. ಬಿರುಕಿಗೆ ಹೊರಗಿನಿಂದ ಸುರಿದದ್ದು ಮಾತ್ರ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಬಿಗಿಯಾಗಿ ಒತ್ತಿಕೊಂಡ ಎರಡು ಮುಖಗಳ ನಡುವೆ ಅದು ಕೆಲಸ ಮಾಡುತ್ತದೆಯೇ ಹೊರತು ಖಾಲಿ ಜಾಗ ತುಂಬುವುದಿಲ್ಲ. ಎಂ-ಸೀಲ್ ಕೂಡ ಅಲುಗದ, ಒಣಗಿದ, ಒತ್ತಡವಿಲ್ಲದ ಕಡೆಗೆ ಒಳ್ಳೆಯದು; ನಿಮ್ಮ ಟೀಯಲ್ಲಿ ಈ ಮೂರೂ ಇಲ್ಲ. ನಿಜ ಹೇಳಬೇಕೆಂದರೆ ಆ ಒಂಬತ್ತು ದಿನ ನೀರು ತಡೆದದ್ದು ಬಹುಮಟ್ಟಿಗೆ ಸೈಕಲ್ ಟ್ಯೂಬು. ಎಳೆದು ಬಿಗಿದು ಸುತ್ತಿದ ಟ್ಯೂಬಿನ ಪಟ್ಟಿಗಿಂತ ಒಳ್ಳೆಯ ತಾತ್ಕಾಲಿಕ ಉಪಾಯ ನನಗೂ ಗೊತ್ತಿಲ್ಲ. ಸಾಮಾನು ತರುವವರೆಗೆ ಅದನ್ನೇ ಮತ್ತೆ ಸುತ್ತಿಕೊಳ್ಳಿ.

ಟೀ ಬದಲಿಸಲೇಬೇಕು. ಇಲ್ಲೊಂದು ಫಜೀತಿ ಇದೆ. ಅಗೆದು ಟೀ ಕತ್ತರಿಸಿ ತೆಗೆದಿರಿ, ಹೊಸ ಟೀ ಕೈಯಲ್ಲಿದೆ, ಆದರೆ ಅದನ್ನು ಹೊಗಿಸುವುದು ಹೇಗೆ? ಟೀಯ ಎರಡೂ ಬಾಯಿಗೆ ಪೈಪು ಮೂರು ಸೆಂಟಿಮೀಟರ್ ಒಳಗೆ ಹೋಗಬೇಕು. ಪೈಪಿನ ಎರಡು ತುದಿಗಳೂ ಮಣ್ಣಿನಲ್ಲಿ ಕಚ್ಚಿಕೊಂಡಿವೆ, ಮುಂದೆ ಬರುವುದಿಲ್ಲ, ಹಿಂದೆ ಹೋಗುವುದಿಲ್ಲ. ಅನೇಕರು ಇಲ್ಲಿಗೆ ಬಂದ ಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಒಂದು ದಾರಿ, ಒಂದು ಕಡೆ ಎಂಟು ಹತ್ತು ಅಡಿ ಉದ್ದಕ್ಕೆ ಮಣ್ಣು ಬಿಡಿಸಿ, ಪೈಪಿನ ತುದಿಯನ್ನು ಒಂದು ಅಡಿಗಿಂತ ಹೆಚ್ಚು ಮೇಲೆತ್ತಿ ಬಿಲ್ಲಿನಂತೆ ಬಾಗಿಸಿ, ಟೀಗೆ ಹೊಗಿಸಿ ಕೆಳಗಿಳಿಸುವುದು. ಸಾಮಾನು ಕಡಿಮೆ, ಅಗೆತ ಹೆಚ್ಚು. ಬಾಗಿಸುವಾಗ ಮುಂದಿನ ಜೋಡಣೆ ಬಿಟ್ಟುಕೊಂಡರೆ ಅದೂ ನಿಮ್ಮ ತಲೆಗೇ. ಎರಡನೆಯ ದಾರಿ, ಎರಡು ಪೈಪು ಸೇರಿಸುವ ಕಪ್ಲರಿನ ಒಳಗಿರುವ ತಡೆ ಏಣನ್ನು ಅರದಿಂದ ಉಜ್ಜಿ ತೆಗೆದು, ಇಡೀ ಕಪ್ಲರನ್ನು ಪೈಪಿನ ಮೇಲೆ ಹಿಂದಕ್ಕೆ ಸರಿಸಿ, ತುಂಡು ಇಟ್ಟ ಮೇಲೆ ಮುಂದಕ್ಕೆಳೆದು ಕೂರಿಸುವುದು. ಕಣ್ಣಿಗೆ ಚೆಂದ. ಸಲ್ಯೂಷನ್ ಹಚ್ಚಿದ ಮೇಲೆ ನಿಮಗೆ ಸಿಗುವುದು ಕೆಲವೇ ಸೆಕೆಂಡು, ಅರ್ಧ ದಾರಿಯಲ್ಲಿ ಕಚ್ಚಿಕೊಂಡರೆ ಮತ್ತೆ ಗರಗಸ. ಮೊದಲ ಸಲ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ನಿಮಗೆ ಹೇಳುವುದು ಮೂರನೆಯದು: ಟೀಯ ಎರಡೂ ಕಡೆ ಒಂದೊಂದು ಯೂನಿಯನ್. ಯೂನಿಯನ್ ಎಂದರೆ ಎರಡು ಚಪ್ಪಟೆ ಮುಖಗಳು, ನಡುವೆ ರಬ್ಬರ್ ಬಳೆ, ಮೇಲೊಂದು ದೊಡ್ಡ ನಟ್ಟು. ಟೀ, ಅದರ ಎರಡೂ ಕಡೆ ಪೈಪಿನ ಗೇಣುದ್ದದ ತುಂಡು, ತುದಿಗೆ ಯೂನಿಯನ್ನಿನ ಅರ್ಧ ಭಾಗ, ಇಷ್ಟನ್ನೂ ಜಗುಲಿಯ ಮೇಲೆ ಕೂತು ಜೋಡಿಸಿಕೊಳ್ಳಬಹುದು. ಉಳಿದ ಅರ್ಧ ಭಾಗಗಳನ್ನು ಗುಂಡಿಯಲ್ಲಿರುವ ಪೈಪಿನ ತುದಿಗಳಿಗೆ ಹಚ್ಚಿ. ನಟ್ಟನ್ನು ಮೊದಲೇ ಪೈಪಿಗೆ ತೂರಿಸಲು ಮರೆಯಬೇಡಿ. ಮರೆಯದವರು ಯಾರೂ ಇಲ್ಲ. ಮುಖಗಳು ಚಪ್ಪಟೆಯಾಗಿರುವುದರಿಂದ ಸಿದ್ಧವಾದ ಜೋಡಣೆ ಮೇಲಿನಿಂದ ನೇರ ಇಳಿದು ಕೂರುತ್ತದೆ, ಪೈಪು ಬಾಗಿಸಬೇಕಾಗಿಲ್ಲ. ನಾಲ್ಕು ಅಡಿ ಉದ್ದದ ಗುಂಡಿ ಸಾಕು. ಅಳತೆ ಮಾತ್ರ ಬಿಗಿಯಾಗಿರಬೇಕು, ಮುಖಗಳ ನಡುವೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಸಂದು ಉಳಿಯಬಾರದು. ನಟ್ಟು ತಿರುಗಿಸಿ ಪೈಪನ್ನು ಎಳೆದು ತರಬಹುದು ಎಂದುಕೊಂಡರೆ ರಬ್ಬರ್ ಬಳೆ ಓರೆಯಾಗಿ ಕೂತು ಸೋರುತ್ತದೆ. ಇದರ ದೋಷ ಅಂದರೆ ಆ ರಬ್ಬರು, ಮರಳಿನ ಕಣ ಸಿಕ್ಕರೂ ಸಾಕು ತೊಟ್ಟಿಕ್ಕುತ್ತದೆ. ಲಾಭ ಅಂದರೆ ಮುಂದೆಂದಾದರೂ ಬಿಚ್ಚಬೇಕಾದರೆ ಗರಗಸ ಬೇಡ.

ಅಂಗಡಿಗೆ ಹೋಗುವಾಗ ಕತ್ತರಿಸಿದ ಬಳೆಯನ್ನು ಕಿಸೆಯಲ್ಲಿ ಇಟ್ಟುಕೊಳ್ಳಿ. ಒಂದೂವರೆ ಇಂಚಿನ ಟೀ ಕೊಡಿ ಎಂದು ಕೇಳಬೇಡಿ. ತೋಟದ ಬೂದು ಪೈಪಿಗೆ ಐಎಸ್ 4985 ಎಂಬ ಮಾನಕ ಇದೆ, ಅದರಲ್ಲಿ ಅಳತೆ ಮಿಲಿಮೀಟರಿನಲ್ಲಿ, ಪೈಪಿನ ಹೊರಮೈಗೆ. ಮನೆಯೊಳಗಿನ ನಲ್ಲಿಗೆ ಹಾಕುವ ಬಿಳಿ ಯುಪಿವಿಸಿಯ ಅಳತೆ ಇಂಚಿನ ಲೆಕ್ಕದ್ದು. ಅದರಲ್ಲಿ ಒಂದೂವರೆ ಇಂಚಿನ ಪೈಪಿನ ಹೊರ ಅಳತೆ 48.3 ಎಂಎಂ, ನಿಮ್ಮದು 50. ಆ ಟೀಗೆ ಈ ಪೈಪು ಹೋಗದು. ಆಗ ಯಾರಾದರೂ ಪೈಪನ್ನು ಅರದಿಂದ ಉಜ್ಜಲು ಶುರುಮಾಡುತ್ತಾರೆ. ಒಂದು ಇಂಚಿನಲ್ಲಿ ಕಥೆ ಉಲ್ಟಾ, ಬಿಳಿಯದು 33.4, ಬೂದು ಬಣ್ಣದ್ದು 32. ಸಲೀಸಾಗಿ ಹೋಗಿ ಗಡಗಡ ಅಲ್ಲಾಡುತ್ತದೆ, ಸಲ್ಯೂಷನ್ ಸುರಿದು ಸಂದು ಮುಚ್ಚುತ್ತಾರೆ, ಒಂದು ವಾರಕ್ಕೆ ಕಳಚುತ್ತದೆ. ಸೋರುವ ಎಷ್ಟೋ ಜೋಡಣೆಗಳನ್ನು ಬಿಚ್ಚಿದಾಗ ನನಗೆ ಕಂಡದ್ದು ಈ ಎರಡು ಜಾತಿಯ ಮದುವೆಯೇ. ಫಿಟಿಂಗ್ ಮೇಲೆ ಐಎಸ್ 7834 ಮತ್ತು ಐಎಸ್‌ಐ ಗುರುತು ಇದೆಯೇ ನೋಡಿ. ಸಲ್ಯೂಷನ್ ಸಣ್ಣ ಡಬ್ಬವನ್ನೇ ತನ್ನಿ, ಹಳೆಯದು ಬೇಡ. ಮುಚ್ಚಳ ತೆಗೆದಾಗ ಜೇನಿನಂತೆ ಹರಿಯಬೇಕು. ಜೆಲ್ಲಿಯಂತೆ ನಡುಗಿದರೆ ಎಸೆಯಿರಿ, ಥಿನ್ನರ್ ಬೆರೆಸಿ ಬದುಕಿಸಲು ಹೋಗಬೇಡಿ.

ಈಗ ಮುಖ್ಯ ಬದಲಾವಣೆ. ಥ್ರೆಡ್ ಟೀ ಬೇಡವೇ ಬೇಡ. 50ಕ್ಕೆ 25 ಎಂಎಂನ ರೆಡ್ಯೂಸರ್ ಟೀ ತನ್ನಿ, ಮೂರೂ ಬಾಯಿ ಸಲ್ಯೂಷನ್ ಹಚ್ಚುವಂಥದ್ದು. ಅದರ ಸಣ್ಣ ಬಾಯಿಯನ್ನು ಮೇಲಕ್ಕೆ ಇಡಬೇಡಿ, ಪಕ್ಕಕ್ಕೆ ಮಲಗಿಸಿ. ಅಲ್ಲಿಂದ 25 ಎಂಎಂ ಪೈಪು ನೆಲದೊಳಗೇ ಒಂದೂವರೆ ಅಡಿ ಅಡ್ಡ ಹೋಗಲಿ, ಆಮೇಲೆ ಎಲ್ಬೋ, ಅಲ್ಲಿಂದ ಮೇಲಕ್ಕೆ. ನೆಲದಿಂದ ಅರ್ಧ ಅಡಿ ಮೇಲೆ ಒಂದು ಎಂಟಿಎ (ಹೊರ ಥ್ರೆಡ್ಡಿನ ಪ್ಲಾಸ್ಟಿಕ್ ಅಡಾಪ್ಟರ್), ಅದರ ಮೇಲೆ ಜಿಐ ಸಾಕೆಟ್, ಸಾಕೆಟ್ಟಿಗೆ ನಿಮ್ಮ ಜಿಐ ಪೈಪು. ಪ್ಲಾಸ್ಟಿಕ್ಕಿನ ಹೊರ ಥ್ರೆಡ್ಡು ಕಬ್ಬಿಣದ ಒಳ ಥ್ರೆಡ್ಡಿಗೆ ಹೋಗಬೇಕು, ಎಂದೂ ಇದರ ಉಲ್ಟಾ ಆಗಬಾರದು. ಆಗ ಬಿಗಿದಷ್ಟೂ ಪ್ಲಾಸ್ಟಿಕ್ ಒಳಕ್ಕೆ ಒತ್ತಿಕೊಳ್ಳುತ್ತದೆ, ಸೀಳುವುದಿಲ್ಲ. ಟೆಫ್ಲಾನ್ ಟೇಪ್ ಮೂರು ನಾಲ್ಕು ಸುತ್ತು. ಕೈಯಲ್ಲಿ ಬಿಗಿಯುವಷ್ಟು ಬಿಗಿದು, ರೆಂಚಿನಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಸುತ್ತು. ಜಿಐ ಪೈಪಿನ ಪಕ್ಕಕ್ಕೇ ಒಂದು ಕಲ್ಲುಕಂಬವನ್ನೋ ಹಳೆಯ ದಪ್ಪ ಪೈಪನ್ನೋ ಎರಡು ಅಡಿ ಆಳಕ್ಕೆ ಹುಗಿದು, ಎರಡು ಕ್ಲಾಂಪ್ ಹಾಕಿ ಜಿಐ ಪೈಪನ್ನು ಅದಕ್ಕೆ ಬಿಗಿಯಿರಿ. ಅಡಿಕೆ ಗೂಟ ಸುಲಭಕ್ಕೆ ಸಿಗುತ್ತದೆ, ಒಂದೇ ಮಳೆಗಾಲಕ್ಕೆ ಗೆದ್ದಲಿಗೂ ಸಿಗುತ್ತದೆ. ಹೊರಗೆ ಕಾಣುವ ಅರ್ಧ ಅಡಿ ಪಿವಿಸಿಗೆ ಬಣ್ಣ ಬಳಿಯಿರಿ.

ಇಷ್ಟು ಸುತ್ತಿ ಬಳಸಿ ಹೋಗುವುದೇಕೆಂದರೆ, ತೆಂಗಿನ ಗರಿ ಬೀಳುವುದನ್ನು ನೀವಾಗಲಿ ನಾನಾಗಲಿ ನಿಲ್ಲಿಸಲಾರೆವು. ಮುಂದೊಂದು ದಿನ ದೊಡ್ಡ ಪೆಟ್ಟು ಬಿದ್ದರೆ ಕಂಬ ಅದನ್ನು ತಾಳಿಕೊಳ್ಳಬೇಕು. ಕಂಬವೂ ಸೋತರೆ ಮುರಿಯುವುದು ನೆಲದ ಮೇಲಿನ ಎಂಟಿಎ. ಅದನ್ನು ನಿಂತುಕೊಂಡೇ ಕತ್ತರಿಸಿ, ಒಂದು ಕಪ್ಲರ್ ಮತ್ತು ಗೇಣುದ್ದದ ಪೈಪಿನಲ್ಲಿ ಕಾಫಿ ಆರುವುದರೊಳಗೆ ಜೋಡಿಸಬಹುದು. ಈಗ ನಿಮ್ಮಲ್ಲಿ ಮುರಿಯುವ ಜಾಗ ಒಂದೂವರೆ ಅಡಿ ಮಣ್ಣಿನ ಕೆಳಗೆ, ಮುಖ್ಯ ಲೈನಿನ ಮೈಮೇಲೇ ಇದೆ. ಟೀಯ ಬದಲು, ಪೈಪನ್ನು ತಬ್ಬಿ ಕೂರುವ ಸರ್ವೀಸ್ ಸ್ಯಾಡಲ್ ಹಾಕಿ ಎಂದು ಯಾರಾದರೂ ಹೇಳಬಹುದು. ಸ್ಯಾಡಲ್ ಒಳ್ಳೆಯದೇ, ಕತ್ತರಿಸದೆ ತೂತು ಕೊರೆದು ಕೂರಿಸಬಹುದು. ಆದರೆ ಅದರ ಮೇಲೂ ನಾಲ್ಕು ಅಡಿ ಜಿಐ ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ಮತ್ತದೇ ಸನ್ನೆಕೋಲು.

ಕೆಲಸದ ದಿನ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಿ. ನೀವು ಗುಂಡಿಯಲ್ಲಿರುವಾಗ ಮನೆಯಲ್ಲಿ ಯಾರೋ ನೀರಿಗೆಂದು ಸ್ವಿಚ್ ಒತ್ತುವುದು ಅಪರೂಪವೇನಲ್ಲ. 50 ಎಂಎಂ ಪೈಪು ಮೀಟರಿಗೆ ಒಂದೂವರೆ ಲೀಟರಿನಷ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ. ಎತ್ತರದ ಕಡೆಯಿಂದ ಹತ್ತು ನಿಮಿಷ ಬರುತ್ತಲೇ ಇರುತ್ತದೆ. ಗುಂಡಿಯನ್ನು ಪೈಪಿನಿಂದ ನಾಲ್ಕು ಬೆರಳು ಕೆಳಗೆ ಇಳಿಸಿದರೆ ನೀರು ಅಲ್ಲಿ ನಿಲ್ಲುತ್ತದೆ, ಮೊಗೆದು ಹಾಕಬಹುದು. ಜಿನುಗುವ ನೀರು ತಡೆಯಲು ಪೈಪಿನೊಳಗೆ ಬಟ್ಟೆ ತುರುಕಬೇಡಿ. ನಾನೊಮ್ಮೆ ತುರುಕಿದ್ದೆ. ಕೆಲಸ ಚೊಕ್ಕವಾಗಿ ಮುಗಿಯಿತು, ಸೋರಿಕೆ ಇಲ್ಲ, ಮಣ್ಣೂ ಎಳೆದಾಯಿತು, ಆದರೆ ಕೆಳಗಿನ ಎರಡು ಸ್ಪ್ರಿಂಕ್ಲರ್ ಸುತ್ತಲೇ ಇಲ್ಲ. ಎರಡು ದಿನ ಫಿಲ್ಟರ್, ವಾಲ್ವ್, ನಾಜಲ್ ಎಲ್ಲ ಬಿಚ್ಚಿ ಹುಡುಕಿ, ಕೊನೆಗೆ ಮೂಲೆಯ ಬೆಂಡ್ ಕತ್ತರಿಸಿದಾಗ ನನ್ನದೇ ಕೆಂಪು ಚೌಕದ ಕರ್ಚೀಫು ಹೊರಬಂತು. ತೋಟದ ಯಜಮಾನರು ಅದನ್ನು ಒಗೆಸಿ, ಇಸ್ತ್ರಿ ಮಾಡಿಸಿ ಕಳಿಸಿದರು.

ಕತ್ತರಿಸುವಾಗ ದಿನಪತ್ರಿಕೆಯ ಪಟ್ಟಿಯನ್ನು ಪೈಪಿಗೆ ಅಂಚಿಗೆ ಅಂಚು ಸೇರುವಂತೆ ಸುತ್ತಿ, ಅದರ ಗುಂಟ ಗೆರೆ ಎಳೆಯಿರಿ. ನೇರ ಕತ್ತರಿಸಲು ಇದಕ್ಕಿಂತ ಸುಲಭದ ಸಲಕರಣೆ ಇಲ್ಲ. ಸಣ್ಣ ಹಲ್ಲಿನ ಬ್ಲೇಡ್ ಇರಲಿ. ಅಂಚಿನ ಒಳಗೂ ಹೊರಗೂ ಇರುವ ಸಿಬಿರನ್ನು ಚಾಕುವಿನಿಂದ ಕೆರೆದು, ಹೊರ ಅಂಚನ್ನು ಸ್ವಲ್ಪ ಓರೆ ಮಾಡಿ, ಇಲ್ಲದಿದ್ದರೆ ಅದು ಹೊಗುವಾಗ ಸಲ್ಯೂಷನ್ನನ್ನೆಲ್ಲ ಬಳಿದುಕೊಂಡು ಹೋಗುತ್ತದೆ. ಉಪ್ಪು ಕಾಗದ ಉಜ್ಜಿ ಹೊಳಪು ತೆಗೆಯಿರಿ, ಒಣ ಬಟ್ಟೆಯಲ್ಲಿ ಒರೆಸಿ. ಒಣಗಿದ್ದಾಗಲೇ ಒಮ್ಮೆ ಹೊಗಿಸಿ ನೋಡಿ, ಎಲ್ಲಿಯವರೆಗೆ ಹೋಗಬೇಕೆಂದು ಪೆನ್ಸಿಲ್ ಗುರುತು ಹಾಕಿ. ಸಲ್ಯೂಷನ್ ಎರಡೂ ಮುಖಕ್ಕೆ ತೆಳ್ಳಗೆ, ಪೈಪಿಗೆ ತುಸು ಹೆಚ್ಚು. ಹೊಗಿಸುತ್ತಾ ಕಾಲು ಸುತ್ತು ತಿರುಗಿಸಿ, ಗುರುತಿಗೆ ಬಂದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೈ ಬಿಟ್ಟರೆ ಪೈಪು ತಾನಾಗಿ ಕೂದಲಷ್ಟು ಹಿಂದೆ ಬರುತ್ತದೆ, ಅದು ನಿಮ್ಮ ಕೈಗೂ ಗೊತ್ತಾಗುತ್ತದೆ. ಸುತ್ತ ಉಬ್ಬಿ ಬಂದ ಹೆಚ್ಚುವರಿಯನ್ನು ಒರೆಸಿ. ಕೆಲಸ ಮುಗಿಯುವವರೆಗೆ ಬೀಡಿ, ಬೆಂಕಿ ಹತ್ತಿರ ಬೇಡ, ಆ ಆವಿ ಭಗ್ಗನೆ ಹೊತ್ತಿಕೊಳ್ಳುವಂಥದ್ದು. ಅಂದಿನ ದಿನ ನೀರು ಬಿಡಬೇಡಿ. ಡಬ್ಬದ ಮೇಲೆ ಕಡಿಮೆ ಸಮಯ ಬರೆದಿದ್ದರೂ, ನಮ್ಮ ಕಡೆಯ ತೇವದ ಮಣ್ಣಿನಲ್ಲಿ ನಾನು ಒಂದು ರಾತ್ರಿ ಕಾಯುತ್ತೇನೆ.

ಡ್ರಿಪ್ ಕೊಳವೆಯದು ಸಣ್ಣ ವಿಷಯ. ಆ ಕಪ್ಪು ಕೊಳವೆ ಪಾಲಿಎಥಿಲೀನ್, ಪಿವಿಸಿ ಅಲ್ಲ, ಅದನ್ನು ಈ ಸಲ್ಯೂಷನ್ ಕರಗಿಸುವುದಿಲ್ಲ, ಹೀಗಾಗಿ ಅಂಟುವುದೂ ಇಲ್ಲ. ಬುಡದಲ್ಲಿ ಸೋರುವುದು ಸಾಮಾನ್ಯವಾಗಿ ರಬ್ಬರ್ ಗ್ರೋಮೆಟ್ (ಪೈಪಿನ ತೂತಿಗೆ ಕೂರಿಸುವ ಬಳೆ) ಹಳೆಯದಾಗಿ ಬಿರಿದಿದ್ದರಿಂದ. ಹೊಸ ಗ್ರೋಮೆಟ್ ಮತ್ತು ಟೇಕಾಫ್ ಹಾಕಿ. ಟೇಕಾಫಿಗೆ ಸಿಕ್ಕಿಸುವ ಕೊಳವೆಯ ಬಾಯಿ ಸಡಿಲವಾಗಿದ್ದರೆ ಎರಡು ಇಂಚು ಕತ್ತರಿಸಿ ಹೊಸ ಬಾಯಿ ಮಾಡಿ, ಬಿಸಿ ನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಸಿಕ್ಕಿಸಿ. ಡ್ರಿಪ್ಪಿಗೆ ಒಂದು ಕೆಜಿ ಒತ್ತಡ ಸಾಕು. ಸ್ಪ್ರಿಂಕ್ಲರ್ ಲೈನಿನಿಂದ ನೇರ ತೆಗೆದಿದ್ದರೆ ನಡುವಿನ ವಾಲ್ವನ್ನು ಅರ್ಧ ಮಾತ್ರ ತೆರೆಯಿರಿ.

ಮರುದಿನ ಬೆಳಿಗ್ಗೆ ಗುಂಡಿ ಮುಚ್ಚುವ ಮುನ್ನ, ತುದಿಯ ವಾಲ್ವ್ ತೆರೆದಿಟ್ಟುಕೊಂಡು ಪಂಪ್ ಹಾಕಿಸಿ. ಸ್ವಿಚ್ಚಿನ ಬಳಿ ಒಬ್ಬರು, ಗುಂಡಿಯ ಬಳಿ ನೀವು. ಮೊದಲು ಗಾಳಿ ಬುಸುಗುಟ್ಟಿ ಹೋಗಲಿ, ನೀರು ಒಂದೇ ಧಾರೆಯಾದ ಮೇಲೆ ವಾಲ್ವನ್ನು ಮೆಲ್ಲಗೆ ಮುಚ್ಚಿ ಸ್ಪ್ರಿಂಕ್ಲರ್ ಸುತ್ತಲು ಬಿಡಿ. ಹತ್ತು ನಿಮಿಷ ಕಳೆದು ಒಣ ದಿನಪತ್ರಿಕೆಯ ಚೂರನ್ನು ಪ್ರತಿ ಜೋಡಣೆಯ ಕೆಳಮಗ್ಗುಲಿಗೆ ಒತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗು ಕಾಗದದಲ್ಲಿ ಮಚ್ಚೆಯಾಗಿ ಕಾಣುತ್ತದೆ. ಕಾಗದ ಒಣಗಿದ್ದರೆ ಪೈಪಿನ ಕೆಳಗೂ ಆಚೀಚೆಗೂ ಮೊದಲು ಮರಳು ಹಾಕಿ, ಜಂಬಿಟ್ಟಿಗೆಯ ಚೂರುಗಳನ್ನು ಆರಿಸಿ ತೆಗೆದು, ಆಮೇಲೆ ಮಣ್ಣು ಎಳೆಯಿರಿ.